ಕೂಗಿದ ಕೂಡಲೇ ಒತ್ತುವ ಕೈ

ಕೊಳ್ಳೇಗಾಲದ ನೇಕಾರರ ಸಂಘದಲ್ಲಿ ಪುಷ್ಪ ಎಂದರೆ ಯಾವ ಪುಷ್ಪ ಎಂದು ಯಾರೂ ಕೇಳುವುದಿಲ್ಲ. ಸೀರೆಯ ಅಂಚು, ಸೆರಗು, ಬುಟ್ಟಾಗಳ ಚಿತ್ರವೆಲ್ಲ ಈಗ ಕಂಪ್ಯೂಟರಿನ ಹೊಟ್ಟೆಯೊಳಗೆ ಇರುತ್ತದಲ್ಲ, ಅದನ್ನು ಕಾಯುವ ಹೆಂಗಸು ಅವಳು. ವಯಸ್ಸು ನಲವತ್ತಮೂರು. ಗಂಡ ಮಹದೇವಸ್ವಾಮಿ ಮುಳ್ಳೂರಿನಲ್ಲಿ ಬೇಸಾಯ ಮಾಡುತ್ತಾನೆ. ಅವಳು ದಿನವೂ ಬೆಳಿಗ್ಗೆ ಬಸ್ಸು ಹತ್ತಿ ಬಂದು ಸಂಘದ ಕೋಣೆಯ ಬೀಗ ತೆಗೆಯುತ್ತಾಳೆ. ಮೊದಲು ಕಿಟಕಿ, ಆಮೇಲೆ ಫ್ಯಾನು, ಆಮೇಲೆ ಕಂಪ್ಯೂಟರು, ಈ ಕ್ರಮ ಎಂದೂ ತಪ್ಪಿದ್ದಿಲ್ಲ.

ಓದಿದ್ದು ಪಿಯುಸಿ. ಆದರೆ ಕಸುಬು ಕಲಿತದ್ದು ಅದಕ್ಕೂ ಮುಂಚೆ, ಅಪ್ಪ ನಾಗಯ್ಯನ ಪಕ್ಕದಲ್ಲಿ ಕುಳಿತು. ಆ ಕಾಲಕ್ಕೆ ಮಗ್ಗದ ನೆತ್ತಿಯ ಮೇಲಿನ ಪೆಟ್ಟಿಗೆಗೆ ರಟ್ಟಿನ ಕಾರ್ಡುಗಳ ಸರ ಹಾಕಬೇಕಿತ್ತು. ಕಾರ್ಡಿನಲ್ಲಿ ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಹೂವು, ಬಳ್ಳಿ, ಹಂಸ ಮೂಡುವುದು ಹಾಗೆ. ನಾಗಯ್ಯ ಆ ತೂತು ಹೊಡೆಯುವವನು. ಚೌಕುಳಿ ಹಾಳೆಯ ಮೇಲಿನ ಚಿತ್ರ ನೋಡಿ, ಎಷ್ಟು ಹೊಡೆಯಬೇಕು ಎಷ್ಟು ಬಿಡಬೇಕು ಎಂದು ಕೂಗಿ ಹೇಳುವುದು ಮಗಳ ಕೆಲಸ.

ಕಾರ್ಡುಗಳ ಕಾಲ ಮುಗಿಯಿತು. ಮಗ್ಗಕ್ಕೆ ವಿದ್ಯುತ್ ಪೆಟ್ಟಿಗೆ ಬಂತು, ಚಿತ್ರ ಕಂಪ್ಯೂಟರಿಗೆ ಏರಿತು. ಏರಿದ ಮೇಲೆ ಹೊಸ ತಾಪತ್ರಯ. ಒಂದೇ ಸೆರಗಿಗೆ ಹನ್ನೊಂದು ಕಡತ. ಒಂದರ ಹೆಸರು ‘ನವಿಲು ಕೊನೆಯದು’, ಇನ್ನೊಂದರ ಹೆಸರು ‘ನವಿಲು ಅಧ್ಯಕ್ಷರು ಒಪ್ಪಿದ್ದು’, ಮತ್ತೊಂದರ ಹೆಸರು ‘ನವಿಲು ಅಧ್ಯಕ್ಷರು ಮತ್ತೆ ಒಪ್ಪಿದ್ದು’. ಯಾವುದನ್ನು ಮಗ್ಗಕ್ಕೆ ಕೊಡಬೇಕು ಎಂದು ಹೇಳಬಲ್ಲವರಿಲ್ಲ. ಒಮ್ಮೆ ತಪ್ಪು ನವಿಲು ನೇಯ್ದು ಮುಗಿದ ಮೇಲೆ, ಮೈಸೂರಿನ ಒಂದು ಪುಟ್ಟ ಕಂಪನಿಯಿಂದ ‘ಪದರ’ ಎಂಬ ತಂತ್ರಾಂಶವನ್ನು ಸಂಘ ತರಿಸಿಕೊಂಡಿತು. ಅದರ ಕೆಲಸ ಇಷ್ಟೇ. ಚಿತ್ರವನ್ನು ಉಳಿಸಿದಾಗಲೆಲ್ಲ ಹಳೆಯದನ್ನು ಅಳಿಸದೆ, ಅದರ ಮೇಲೆ ಹೊಸ ಪದರವಾಗಿ ಕೂರಿಸಿಕೊಳ್ಳುತ್ತದೆ. ಯಾರು, ಯಾವತ್ತು, ಏನು ಬದಲಿಸಿದರು ಎಂದು ಬರೆದಿಟ್ಟುಕೊಳ್ಳುತ್ತದೆ. ಬೇಕೆಂದರೆ ಹಳೆಯ ಪದರಕ್ಕೆ ಹಿಂದಿರುಗಲೂಬಹುದು.

ಅದರ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ತಂದವಳು ಪುಷ್ಪ. ಕಂಪನಿಯ ಪ್ರಭುಸ್ವಾಮಿ ಮಾರ್ಟಳ್ಳಿಯವನು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಕೆಲಸದಲ್ಲಿ ಇಂಗ್ಲಿಷು ಆಡುವ ಹುಡುಗಾಟದ ಮನುಷ್ಯ. ಅವನು ಮೂರು ತಿಂಗಳು ಫೋನಿನಲ್ಲಿ ಒಂದೊಂದು ಸಾಲಿನ ಅರ್ಥ ಹೇಳಿದ, ಅವಳು ಬರೆದಳು. ನಲವತ್ತು ಪುಟ. ಮೂಲದಲ್ಲಿ ಯಾವ ಸಾಲು ಎಲ್ಲಿತ್ತೋ ಕನ್ನಡದಲ್ಲೂ ಅಲ್ಲೇ ಇರಬೇಕು ಎಂದು ಅವಳು ಹಟ ಹಿಡಿದಿದ್ದಳು. ದೊಡ್ಡವರು ಬರೆದದ್ದನ್ನು ತಾನು ಅಲುಗಾಡಿಸಬಾರದು ಎಂಬ ಭಯಭಕ್ತಿ. ಪುಸ್ತಕ ಅಚ್ಚಾಗಿ ಬಂದ ದಿನ ಅದರ ಬೆನ್ನು ಸವರಿ ಸವರಿ ನೋಡಿದ್ದಳು.

ಹೀಗಿರುವಾಗ ಒಂದು ದಿನ ಸಂಘದ ಅಧ್ಯಕ್ಷ ದೊಡ್ಡಸಿದ್ದಯ್ಯ ಚಪ್ಪಲಿ ಬಿಡುವುದನ್ನೂ ಮರೆತು ಕೋಣೆಯೊಳಗೆ ಬಂದರು.

“ಹನೂರಿನ ಸೆರಗು ಓಯ್ತಂತೆ ಕಣವ್ವ.”

“ಓಯ್ತು ಅಂದ್ರೆ?”

“ಓಯ್ತು ಅಂದ್ರೆ ಓಯ್ತು. ಅಲ್ಲಿ ಚಿತ್ರ ಬರಿಯ ಆ ಮಹದೇವು ಏನೋ ಒತ್ತವ್ನೆ, ಹತ್ತೊಂಬತ್ತು ದಿವ್ಸದ ಕೆಲ್ಸ ಮಂಗಮಾಯ. ಒಂದು ತಿಂಗ್ಳಿಂದ ಬಾಯೇ ಬುಟ್ಟಿಲ್ಲ ನೋಡು. ಮಗ್ಗಕ್ಕೆ ಆಕಕ್ಕೆ ಸೆರಗು ಕಳುಸ್ಲಾ ಅಂತ ನಾನು ಕೂಗಾಡುದ್ಮೇಲೆ ನೆನ್ನೆ ಯೋಳವ್ನೆ.”

“ಪುಸ್ತಕ ಕೊಟ್ಟಿದ್ವಲ್ಲ ಅಧ್ಯಕ್ಷರೇ?”

“ಪುಸ್ತಕ ನೋಡ್ಕಂಡೇ ಮಾಡ್ದೆ ಅಂತನೆ! ನೀನು ಕೊಟ್ಟಿರ ಪುಸ್ತಕ ನೋಡ್ಕಂಡು ಯಾರಾರ ಇಂಗೆ ಹಾಳ್ಮಾಡ್ತರಾ? ಓಗಿ ನೋಡ್ಕಂಡು ಬಾ. ಅವ್ನ ಕೈಯದೇ ತಪ್ಪು ಅಂದ್ರೆ ಶನಿವಾರದ ಸಭೇಲಿ ಅವ್ನ ಕಂಪ್ಯೂಟ್ರು ಬುಡ್ಸಿ ಬ್ಯಾರೆಯವ್ರ ಕೂರ್ಸದು. ಇನ್ನೇನ್ ಮಾಡಕಾಯ್ತದೆ?”

ಮಹದೇವುವನ್ನು ಪುಷ್ಪ ಬಲ್ಲಳು. ಐವತ್ತನಾಲ್ಕು ವರ್ಷದ ಆಳು. ಮೂವತ್ತು ವರ್ಷ ಗುಂಡಿಮಗ್ಗದಲ್ಲಿ ಕಾಲು ತುಳಿದು ತುಳಿದು ಎರಡು ಮಂಡಿಯೂ ಸವೆದಿದ್ದವು. ಇನ್ನು ಮಗ್ಗಕ್ಕೆ ಇಳಿಯಕೂಡದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಹನೂರಿನಲ್ಲಿ ಸಂಘ ಆರು ಮಗ್ಗ ಹಾಕಿ ಒಂದು ಕಂಪ್ಯೂಟರು ಇಟ್ಟಾಗ, ಚಿತ್ರ ಬರೆಯುವ ಕುರ್ಚಿ ಅವನಿಗೆ ಸಿಕ್ಕಿತ್ತು. ಆ ಕುರ್ಚಿ ಹೋದರೆ ಅವನಿಗೆ ನೇಕಾರಿಕೆಯೇ ಹೋದ ಹಾಗೆ. ಕಂಡವರ ಹೊಲದಲ್ಲಿ ಬಗ್ಗಿ ದುಡಿಯಲು ಆ ಮಂಡಿ ಬಿಡುವುದಿಲ್ಲ.

ಅಯ್ಯೋ ಅನಿಸಿತು ಪುಷ್ಪಳಿಗೆ. ಆದರೆ ಒಳಗೊಳಗೇ ಸಿಟ್ಟೂ ಬಂತು. ಹದಿನಾಲ್ಕನೇ ಪುಟದಲ್ಲಿ ಎಚ್ಚರಿಕೆ ಇದೆ. ಅಕ್ಷರ ಅಕ್ಷರವಾಗಿ ತಾನೇ ಬರೆದದ್ದು. ಓದದೆ ಒತ್ತಿದರೆ ಪುಸ್ತಕ ತಾನೇ ಏನು ಮಾಡೀತು?

ಮರುದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನಾಳೆ ಅಮಾವಾಸ್ಯೆ; ಬೆಟ್ಟದ ದೇವರ ದರ್ಶನಕ್ಕೆ ಹೋಗುವವರು ಗಂಟುಮೂಟೆ, ಮಕ್ಕಳುಮರಿ ಸಮೇತ ತುಂಬಿಕೊಂಡಿದ್ದರು. ಹನೂರಿನವರೆಗೂ ನಿಂತೇ ಬಂದಳು. ಕಂಕುಳಲ್ಲಿ ಕೈಪಿಡಿ.

ಸಂಘದ ಮನೆಯಲ್ಲಿ ಆರು ಮಗ್ಗವೂ ಸದ್ದು ಮಾಡುತ್ತಿದ್ದವು. ಮೂಲೆಯ ಕಂಪ್ಯೂಟರಿನ ಮುಂದಿನಿಂದ ಮಹದೇವು ಮೇಜು ಹಿಡಿದು ಎದ್ದು ನಿಂತ. ಮೂರು ದಿನದ ಬಿಳಿ ಗಡ್ಡ. ಪಕ್ಕದಲ್ಲಿ ಅವನ ಹೆಂಡತಿ ಲಕ್ಷ್ಮಿದೇವಿ. ಏಳನೇ ಕ್ಲಾಸು ಓದಿದವಳು, ಬಾಯಿ ಜೋರು.

“ಬಾ ಪುಷ್ಪವ್ವ. ಬೈಯಾದಿದ್ರೆ ನಂಗೇ ಬೈದ್ಬುಡು, ಈ ವಯ್ಯನಿಗೆ ಬೈಬೇಡ. ಬೈಸ್ಕಳಕ್ಕೂ ಮೈಯಲ್ಲಿ ಕಸುವಿಲ್ಲ. ಉಂಡು ಎಷ್ಟು ದಿವ್ಸ ಆಯ್ತೋ.”

“ಸುಮ್ಕಿರು ಮಾರಾಯ್ತಿ,” ಎಂದ ಮಹದೇವು.

“ಯಾಕ್ ಸುಮ್ಕಿರ್ಲಿ? ಒಂದು ತಿಂಗ್ಳು ಸುಮ್ಕಿದ್ದು ನೀನು ಉದ್ಧಾರ ಮಾಡ್ದಲ್ಲ!”

ಪುಷ್ಪ ನಗು ತಡೆದುಕೊಂಡು ಕುರ್ಚಿ ಎಳೆದು ಹಿಂದೆ ಕುಳಿತಳು. ಬರುವಾಗ ಏನೇನೋ ಕೇಳಬೇಕು, ತರಾಟೆಗೆ ತೆಗೆದುಕೊಳ್ಳಬೇಕು ಅಂದುಕೊಂಡಿದ್ದಳು. ಆ ಮುಖ ನೋಡಿದ ಮೇಲೆ ಅದನ್ನೆಲ್ಲ ಬಿಟ್ಟಳು. ಒಂದು ಗಿಳಿಯ ಬುಟ್ಟಾವನ್ನು ಅಭ್ಯಾಸಕ್ಕೆಂದು ಬೇರೆಯಾಗಿ ತೆರೆದು, ನಾಲ್ಕು ಪದರ ಉಳಿಸಿ ಕೊಟ್ಟಳು.

“ಮಹದೇವಣ್ಣ, ಅವತ್ತು ಎಂಗೆ ಮಾಡುದ್ರೋ ಅಂಗೇ ಇದ್ರ ಮ್ಯಾಲೆ ಮಾಡಿ. ಹಾಳಾದ್ರೆ ಆಗ್ಲಿ, ಆಟದ ಗಿಳಿ. ನಾನು ಮಾತಾಡಲ್ಲ. ನೋಡ್ತಾ ಕುಂತಿರ್ತೀನಿ.”

ಲಕ್ಷ್ಮಿದೇವಿ ಕೈಪಿಡಿ ತೆರೆದಳು. ಹದಿನಾಲ್ಕನೇ ಪುಟದ ಮೂಲೆ ಮಡಿಸಿ ಮಡಿಸಿ ಮೆತ್ತಗಾಗಿತ್ತು. ಓದದೆ ಒತ್ತಿದವರ ಪುಸ್ತಕವಲ್ಲ ಇದು ಎಂಬುದು ಪುಷ್ಪಳಿಗೆ ಅಲ್ಲೇ ಚುಚ್ಚಿತು.

“ಹಂತ ಒಂದು. ಮೇಲಿನ ಸಾಲಿನಲ್ಲಿರುವ ‘ಪದರಗಳು’ ಎಂಬುದನ್ನು ಒತ್ತಿ,” ಎಂದು ಲಕ್ಷ್ಮಿದೇವಿ ರಾಗವಾಗಿ ಓದಿದಳು. ಟಕ್. ಮಹದೇವು ಒತ್ತಿದ.

“ಹಂತ ಎರಡು. ಬೇಕಾದ ಹಳೆಯ ಪದರವನ್ನು ಆರಿಸಿ.” ಟಕ್.

“ಹಂತ ಮೂರು. ‘ಹಿಂದಕ್ಕೆ ಹೋಗು’ ಎಂಬುದನ್ನು ಒತ್ತಿ.” ಟಕ್.

“ವಿ.ಸೂ. ಹೀಗೆ ಮಾಡಿದಾಗ ಆ ಪದರದ ನಂತರದ ಎಲ್ಲ ಪದರಗಳೂ ಮರೆಯಾಗುತ್ತವೆ. ಆದ್ದರಿಂದ ಇದನ್ನು ಒತ್ತುವ ಮೊದಲು...”

ಗಿಳಿ ಹೋಗಿ ಎಷ್ಟೋ ಹೊತ್ತಾಗಿತ್ತು. ತೆರೆಯ ಮೇಲೆ ಬರೀ ಒಂದು ಕೊಕ್ಕು ಉಳಿದಿತ್ತು.

ಲಕ್ಷ್ಮಿದೇವಿ ಎಲ್ಲೂ ತಡವರಿಸಲಿಲ್ಲ, ಮಹದೇವುವಿನ ಕೈ ಎಲ್ಲೂ ಅವಸರ ಮಾಡಲಿಲ್ಲ. ಅವಳ ದನಿ ಸಾಲಿನ ಕೊನೆಗೆ ಇಳಿಯುವುದಕ್ಕೂ ಅವನ ಬೆರಳು ಇಳಿಯುವುದಕ್ಕೂ ನಡುವೆ ಗಾಳಿ ನುಸುಳಲೂ ಎಡೆ ಇರಲಿಲ್ಲ. ಈ ಜೊತೆಗಾರಿಕೆ ಎಲ್ಲಿಯದು ಎಂದು ಪುಷ್ಪಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ನೀವಿಬ್ರೂ ಕಾರ್ಡು ಹೊಡೀತಿದ್ರಾ?”

“ಇನ್ನೇನು, ಮಗ್ಗದ ಜೊತ್ಗೇ ಹದ್ನಾರು ವರ್ಸ!” ಎಂದಳು ಲಕ್ಷ್ಮಿದೇವಿ. “ನಾನು ಕೂಗಾದು, ಇವ್ರು ಹೊಡಿಯಾದು. ಕೂಗುದ್ಮೇಲೆ ಕೈ ನಿಂತ್ಕಂಡ್ರೆ ಲೆಕ್ಕ ತಪ್ಪೋಯ್ತದಲ್ಲವ್ವ. ಈ ಪುಸ್ತಕಾನೂ ಅಂಗೇ ಅಲ್ವ, ಒಂದು ಎರಡು ಮೂರು ಅಂತ ಬರ್ದೀಯೆ?”

“ಕೆಳಗೆ ವಿ.ಸೂ. ಅಂತ ಇದೆಯಲ್ಲ, ಅದನ್ನ ಮೊದ್ಲು ನೋಡ್ಬೇಕು ಅನ್ಸಲಿಲ್ವ ಅಕ್ಕ?”

“ವಿ.ಸೂ. ಅಂದ್ರೆ ಮದ್ವೆ ಕಾಗ್ದದಲ್ಲಿ ಕೊನೇಲಿರ್ತದಲ್ಲ, ಉಡುಗೊರೆ ತರಬೇಡಿ ಅಂತ? ಅದ ಯಾರು ಮೊದ್ಲು ಓದ್ತರೆ! ಊಟ ಮಾಡ್ಕಂಡು ಬಂದ್ಮೇಲೆ ಓದದು ಅದು.”

ಮಗ್ಗದ ಮೇಲಿದ್ದ ಹೆಂಗಸರೂ ನಕ್ಕರು. ಪುಷ್ಪಳೂ ನಕ್ಕಳು, ಆದರೆ ಕಿವಿ ಬಿಸಿಯಾಗಿತ್ತು. ಒಂಬತ್ತು ವರ್ಷದಿಂದ ಹತ್ತೊಂಬತ್ತು ವರ್ಷದವರೆಗೆ ಅಪ್ಪನಿಗೆ ಕೂಗಿದವಳು ತಾನು. ಒಂದು ಸಲ ಕೂಗಿದ ಮೇಲೆ “ಅಲ್ಲ ಅಲ್ಲ” ಅಂದದ್ದಕ್ಕೆ, ಆಗಲೇ ಬಿದ್ದ ತೂತನ್ನು ತೋರಿಸಿ ಅಪ್ಪ ಆ ದಿನವಿಡೀ ಮಾತಾಡಿರಲಿಲ್ಲ. ಅಂಥವಳು ಕೈಪಿಡಿ ಬರೆಯುವಾಗ ಮಾತ್ರ ಒಬ್ಬಳೇ ಕುಳಿತು, ತುಟಿ ಅಲ್ಲಾಡಿಸದೆ, ಕಣ್ಣಿನಲ್ಲೇ ಇಡೀ ಪುಟ ಓದಿ ಸರಿಯಿದೆ ಅಂದುಕೊಂಡಿದ್ದಳು. ಇಲ್ಲಿ ಪುಸ್ತಕವನ್ನು ಕಣ್ಣಿನಿಂದ ಓದುವವರು ಯಾರು? ಒಬ್ಬರು ಕೂಗುತ್ತಾರೆ, ಇನ್ನೊಬ್ಬರ ಕೈ ಓಡುತ್ತದೆ.

“ಅವತ್ತು ಯಾಕೆ ಹಿಂದಕ್ಕೆ ಹೋಗ್ಬೇಕಿತ್ತು ಮಹದೇವಣ್ಣ?”

“ಓಗಾದೇನೂ ಬೇಕಿರ್ಲಿಲ್ಲ ಕಣವ್ವ. ಮೊದ್ಲು ಬರ್ದಿದ್ದ ನವಿಲಿನ ಕತ್ತು ಎಂಗಿತ್ತು ಅಂತ ಒಸಿ ನೋಡ್ಬೇಕಿತ್ತು, ಅಷ್ಟೆ.”

ಸುಮ್ಮನೆ ನೋಡುವುದು ಹೇಗೆ ಎಂಬುದು ಹದಿನೈದನೇ ಪುಟದಲ್ಲಿತ್ತು. ಮೂಲದಲ್ಲಿ ಹಾಗಿತ್ತು, ಅದಕ್ಕೇ ಕನ್ನಡದಲ್ಲೂ ಹಾಗೇ.

ಪುಷ್ಪ ಕೈಪಿಡಿಯನ್ನು ತೆಗೆದುಕೊಂಡು ತಾನೇ ಬರೆದ ಆ ವಿ.ಸೂ.ವನ್ನು ಮೊದಲ ಸಲ ಓದುವವಳ ಹಾಗೆ ಓದಿದಳು. ‘ಮರೆಯಾಗುತ್ತವೆ’ ಎಂದಿತ್ತು. ಅಳಿಯುತ್ತವೆ ಎಂದಿರಲಿಲ್ಲ. ಅವಳು ಸರಸರ ಹಾಳೆ ತಿರುವಿದಳು. ಮೂವತ್ತೇಳನೇ ಪುಟ, ಕೊನೆಯ ಸಾಲುಗಳು: ‘ಮರೆಯಾದ ಪದರಗಳನ್ನು ತಂತ್ರಾಂಶವು ಮೂವತ್ತು ದಿನ ಕಾದಿರಿಸಿ, ಆಮೇಲೆ ತಾನಾಗಿ ಅಳಿಸಿಹಾಕುತ್ತದೆ.’ ಬರೆದು ಮರೆತಿದ್ದಳು.

“ಅಣ್ಣಾ, ಒತ್ತಿದ್ದು ಯಾವತ್ತು?”

“ಯಾವತ್ತು ಅಂದ್ರೆ... ಓದ್ ತಿಂಗ್ಳು.”

“ಓದ್ ತಿಂಗ್ಳು ಯಾವತ್ತು? ದಿವ್ಸ ಯೋಳಿ.”

“ಅಮಾಸೆ ಮಾರನೇ ದಿವ್ಸ ಕಣವ್ವ,” ಎಂದಳು ಲಕ್ಷ್ಮಿದೇವಿ. “ಬೆಟ್ಟದಿಂದ ಬರೋ ಬಸ್ಸೆಲ್ಲಾ ತುಂಬ್ಕಂಡು, ಇವ್ರಿಗೆ ಹತ್ತಕ್ಕಾಗ್ದೆ ಮಂಡಿ ಎಳ್ಕಂಡು ನಡ್ಕಂಡು ಬಂದ್ರಲ್ಲ, ಅವತ್ತೇ.”

ನಾಳೆ ಅಮಾವಾಸ್ಯೆ. ಪುಷ್ಪ ಬೆರಳು ಮಡಿಸಿದಳು, ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಮತ್ತೆ ಎಣಿಸಿದಳು. ಇಪ್ಪತ್ತೆಂಟು. ಇನ್ನೆರಡು ದಿನ ಇದೆ.

ಪ್ರಭುಸ್ವಾಮಿಗೆ ಫೋನು ಮಾಡಿದಳು. ಎಲ್ಲ ಕೇಳಿಕೊಂಡು ಅವನು, “ಅಯ್ಯೋ ಸಿಗುತ್ತೆ ಪುಷ್ಪಕ್ಕ, ಗಾಬರಿ ಬೇಡ. ಬಲಗಡೆ ಮೇಲೆ ಮೂರು ಗೆರೆ ಇದೆಯಲ್ಲ, ಒತ್ತಿ, ಅಲ್ಲಿ ‘ಮರೆಯಾದವು’ ಅಂತ...” ಎಂದು ಓಡತೊಡಗಿದ.

“ನಿಲ್ಲಪ್ಪ ನಿಲ್ಲು. ಒಂದೊಂದೇ ಹೇಳು. ಏನಾದ್ರೂ ಅಪಾಯ ಇದ್ರೆ ಅದನ್ನ ಮೊದ್ಲು ಹೇಳು, ಒತ್ತಾದು ಆಮೇಲೆ ಹೇಳು.”

“ಸರಿ ಅಕ್ಕ. ಅಪಾಯ ಇದೆ. ಈಗ ಕಾಣ್ತಿರೋದನ್ನ ಮೊದ್ಲು ಉಳಿಸ್ಕೊಳ್ಳಿ, ಇಲ್ಲಾಂದ್ರೆ ಇದು ಹೋಗುತ್ತೆ.”

ತಿಂಗಳಿಂದ ಕದ್ದುಮುಚ್ಚಿ ಮಹದೇವು ಮತ್ತೆ ಬರೆಯುತ್ತಿದ್ದ ಅರ್ಧ ನವಿಲು ತೆರೆಯ ಮೇಲಿತ್ತು. ಅದನ್ನು ಉಳಿಸಿದರು. ಆಮೇಲೆ ಒಂದೊಂದೇ ಮಾತು ಕೇಳಿ ಒಂದೊಂದೇ ಒತ್ತುತ್ತ ಹೋದರು. ಕೊನೆಯದನ್ನು ಒತ್ತಿದ ಮೇಲೆ ಪಟ್ಟಿ ತೆರೆಯಿತು. ಒಂದರ ಕೆಳಗೊಂದು ಹದಿನೇಳು ಪದರ, ಹದಿನೇಳು ದಿನದ್ದು. ಕೊನೆಯ ಎರಡು ದಿನದ ಕೆಲಸವನ್ನು ಉಳಿಸಿರಲೇ ಇಲ್ಲ, ಅದು ಹೋಗಿತ್ತು. ಮಹದೇವು ಮೇಲಿನದನ್ನು ತೆರೆದ.

ಅವನು ಮುಖವನ್ನು ತೆರೆಗೆ ತೀರಾ ಹತ್ತಿರ ತಂದ. “ಗರಿ ಕಣ್ಣೆಲ್ಲಾ ಅವೆ,” ಎಂದ. ಮತ್ತೆ, “ನೂರಾ ಎಂಟೂ ಅವೆ.” ಅಷ್ಟು ಹೇಳಿ ಹೆಗಲ ಟವೆಲ್ಲು ತೆಗೆದು ಮುಖ ಒರೆಸುವವನ ಹಾಗೆ ಬಹಳ ಹೊತ್ತು ಮುಚ್ಚಿಕೊಂಡ.

“ಈಗ ಒಂದೂವರೆ ನವಿಲಾಯ್ತು,” ಎಂದಳು ಲಕ್ಷ್ಮಿದೇವಿ. “ಎದ್ದೇಳು, ಇವತ್ತಾರ ಉಣ್ಣುವಂತೆ.”

ಪುಷ್ಪ ಅಲ್ಲಿಂದಲೇ ಅಧ್ಯಕ್ಷರಿಗೆ ಫೋನು ಮಾಡಿದಳು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

“ಸೆರಗು ಸಿಕ್ತು ಅಧ್ಯಕ್ಷರೇ. ಎರಡು ದಿವ್ಸದ ಕೆಲ್ಸ ಬಿಟ್ಟು ಎಲ್ಲಾ ಸಿಕ್ತು.”

“ಬದುಕ್ಸುದೆ ಕಣವ್ವ! ತಪ್ಪು ಅವುಂದೇ ತಾನೆ?”

“ಇಲ್ಲ. ನಂದು.”

“ನಿಂದಾ?”

“ಪುಸ್ತಕದಲ್ಲಿ ಒತ್ತಿ ಅಂತ ಮೊದ್ಲು ಬರ್ದಿದೀನಿ, ಹುಷಾರು ಅಂತ ಆಮೇಲೆ ಬರ್ದಿದೀನಿ. ಅವ್ರು ಪುಸ್ತಕ ಹೇಳ್ದಂಗೇ ಮಾಡವ್ರೆ. ನಾನೇ ಕುಂತ್ಕಂಡು ನೋಡ್ದೆ.”

ದೊಡ್ಡಸಿದ್ದಯ್ಯ ಸುಲಭಕ್ಕೆ ಬಗ್ಗುವವರಲ್ಲ.

“ನೋಡವ್ವ, ನೀನು ಒಳ್ಳೆ ಮನ್ಸಿನಿಂದ ಯೋಳ್ತಿದ್ದೀಯೆ ಅಂತ ನಾಲ್ಕು ಜನ ಅಂತರೆ. ನಾಳೆ ಇನ್ನೊಂದು ಸೆರಗು ಓದ್ರೆ ನಾನೇನು ಉತ್ರ ಕೊಡ್ಲಿ? ಸಭೆನ ಹದಿನೈದು ದಿವ್ಸ ಮುಂದಕ್ಕಾಕ್ತೀನಿ. ಪುಸ್ತಕ ಸರಿ ಮಾಡು. ನಾನೇ ಹನೂರಿಗೆ ಬತ್ತೀನಿ, ನನ್ ಮುಂದೆ ಮಾಡ್ಲಿ. ಕೈ ತಪ್ತು ಅಂದ್ರೆ ಮಹದೇವು ಕುರ್ಚಿ ಬುಡ್ಬೇಕು. ಆಮೇಕೆ ನೀನು ಅಡ್ಡ ಬರ್ಬಾರ್ದು.”

ಮಹದೇವು ಟವೆಲ್ಲಿನಿಂದ ಮುಖ ಎತ್ತಿ, “ಆಗ್ಲಿ ಬುದ್ಧಿ,” ಎಂದ.

ಈಗ ಅವನ ಕುರ್ಚಿ ಪುಷ್ಪಳ ವಾಕ್ಯಗಳ ಮೇಲೆ ನಿಂತಿತು. ಆ ಹದಿನೈದು ದಿನ ಅವಳಿಗೆ ಒಳ್ಳೆ ನಿದ್ದೆ ಎನ್ನುವುದೇ ಇರಲಿಲ್ಲ. ಮಗ್ಗುಲು ಬದಲಿಸಿದಾಗಲೆಲ್ಲ ಯಾವುದೋ ಪುಟದ ಯಾವುದೋ ಸಾಲು ಎದ್ದು ಕೂರುತ್ತಿತ್ತು.

ಸಂಜೆ ಕೆಲಸ ಬಿಟ್ಟು ಮುಳ್ಳೂರಿಗೆ ಬಂದವಳೇ ಜಗುಲಿಯಲ್ಲಿ ಕೈಪಿಡಿ ಹರಡಿಕೊಳ್ಳುವಳು. ಎದುರಿಗೆ ಅಪ್ಪ ನಾಗಯ್ಯ; ಎಂಬತ್ತರ ಗಡಿ, ಈಗ ಮಗಳ ಮನೆಯಲ್ಲೇ ಇದ್ದಾನೆ. ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಕಂಪ್ಯೂಟರು ಮುಟ್ಟಿದವನೇ ಅಲ್ಲ. ಅವಳು ಕೂಗಬೇಕು, ಅವನು ಮಣೆಯ ಮೇಲೆ ಬೆರಳಿನಿಂದ ಬಡಿಯಬೇಕು. ಎಲ್ಲಿ ಬೆರಳು ಬೀಳಬಾರದೋ ಅಲ್ಲಿ ಬಿದ್ದರೆ ಸಾಲು ತಪ್ಪು. ಅಷ್ಟೇ ಪರೀಕ್ಷೆ.

“ಬಳಕೆದಾರರು ತಾವು ಮಾಡಿದ ಬದಲಾವಣೆಗಳನ್ನು ಸಂರಕ್ಷಿಸಲು ಇಚ್ಛಿಸಿದಲ್ಲಿ...” ಎಂದು ಅವಳು ಶುರು ಮಾಡಿದಳು.

“ಯಾರವ್ವ ಈ ಬಳಕೆದಾರರು? ನಮ್ಮೂರವ್ರಾ?”

“ನೀನೇ ಕಣಪ್ಪ.”

“ನಾನಾ? ನನ್ನ ಮುಂದೆ ಕೂರಿಸ್ಕಂಡು ಇನ್ಯಾರ್ನೋ ಕೂಗ್ತಾ ಇದ್ದೀಯಲ್ಲ ಮಗ! ಅವ್ರು ಬಂದ್ಮೇಲೆ ಹೊಡೀಲಿ ಅಂತ ಸುಮ್ಕಿದ್ದೆ.”

ಅವಳು ಹೊಡೆದುಹಾಕಿ, ‘ಮಾಡಿದ ಕೆಲಸ ಉಳಿಯಬೇಕಾದರೆ ಉಳಿಸು ಒತ್ತಿ’ ಎಂದು ಬರೆದಳು. ಓದಿದಳು. ಬೆರಳು ಸರಿಯಾಗಿ ಬಿತ್ತು.

ಮತ್ತೊಂದು ಕಡೆ ಒಂದೇ ಹಂತದಲ್ಲಿ ಮೂರು ಕೆಲಸ ಇತ್ತು. ನಾಗಯ್ಯ ಮೊದಲನೆಯದಕ್ಕೆ ಬಡಿದು ಬೆರಳೆತ್ತಿ ಕುಳಿತ. “ಇಷ್ಟುದ್ದ ಕೂಗುದ್ರೆ ನನ್ ಕೈ ಎಲ್ಲಿ ನಿಲ್ಬೇಕು?” ಎಂದ. ಅದು ಮೂರು ಸಾಲಾಯಿತು. ಸುಮ್ಮನೆ ನೋಡುವ ವಿಷಯವನ್ನು ಮೊದಲಿನ ಪುಟಕ್ಕೆ ತಂದಳು, ಹಿಂದಕ್ಕೆ ಹೋಗುವ ವಿಷಯವನ್ನು ಅದರ ನಂತರಕ್ಕೆ ತಳ್ಳಿದಳು. ಮೂವತ್ತು ದಿನದ ಮಾತನ್ನು ಮೂವತ್ತೇಳನೇ ಪುಟದಿಂದ ಕಿತ್ತು, ಪದರ ಮರೆಯಾಗುವ ಜಾಗದ ಪಕ್ಕದಲ್ಲೇ ನೆಟ್ಟಳು.

ಆದರೆ ಆ ಹಳೆಯ ಹದಿನಾಲ್ಕನೇ ಪುಟ ಬಗ್ಗಲಿಲ್ಲ. ಎಚ್ಚರಿಕೆಯನ್ನು ಮೂರನೇ ಹಂತದ ಮೇಲಕ್ಕೆ ತಂದರೂ ನಾಗಯ್ಯನ ಬೆರಳು ಅದನ್ನೂ ಒಂದು ಹಂತ ಎಂದು ತಿಳಿದು ಬಡಿಯುತ್ತಿತ್ತು. ನಾಲ್ಕು ಸಂಜೆ ಹೀಗೇ ಆಯಿತು. ಐದನೆಯ ಸಂಜೆ ಮುದುಕನಿಗೇ ರೇಗಿತು.

“ಲೇ ಮಗ, ಕಾರ್ಡಿನ ಸಾಲು ಮುಗುದ್ರೆ ಏನಂತ ಕೂಗ್ತಿದ್ದೆ ನೀನು?”

“ತಡಿ ಅಂತಿದ್ದೆ.”

“ನಾನೇನ್ ಮಾಡ್ತಿದ್ದೆ?”

“ಎರಡು ಕೈನೂ ತೆಗ್ದು ತೊಡೆ ಮ್ಯಾಲೆ ಇಟ್ಕೋತಿದ್ದೆ.”

“ಮತ್ತೆ ಅದ್ನ ಕೂಗಕ್ಕೆ ನಿಂಗೇನು ಬ್ಯಾನೆ?”

ಮರುದಿನ ಪ್ರಭುಸ್ವಾಮಿ ಫೋನಿನಲ್ಲಿ ತೊದಲಿದ. “ಕೈಪಿಡೀಲಿ ‘ತಡಿ’ ಅಂತ ಹಾಕೋದಾ ಅಕ್ಕ? ನಮ್ಮ ಎಲ್ಲಾ ಪುಸ್ತಕದಲ್ಲೂ ವಿ.ಸೂ. ಅಂತಾನೇ ಇರೋದು.”

“ನಿನ್ನ ಪುಸ್ತಕ ಓದಿ ಯಾರಾದ್ರೂ ಕೈ ಹಿಂದಕ್ಕೆ ತೆಗ್ದಿದ್ದು ನೋಡಿದ್ದೀಯಾ ಪ್ರಭು?”

“ಓದೋರನ್ನೇ ನಾನು ನೋಡಿಲ್ಲ ಅಕ್ಕ,” ಎಂದು ಅವನು ಒಪ್ಪಿಕೊಂಡ.

ಹದಿನೈದನೇ ದಿನ ದೊಡ್ಡಸಿದ್ದಯ್ಯ ಬಿಳಿ ಪಂಚೆ ಉಟ್ಟು ಹನೂರಿಗೆ ಬಂದರು. ಪುಷ್ಪ ಹೊಸ ಕೈಪಿಡಿ ತಂದಿದ್ದಳು. ಅಚ್ಚಿಗೆ ಹೋಗಿರಲಿಲ್ಲ, ಹಾಳೆಗಳಿಗೆ ದಾರ ಪೋಣಿಸಿದ್ದು. ಆರು ಮಗ್ಗವೂ ನಿಂತವು. ಟೀ ಬಂತು. ಮಹದೇವು ಲೋಟ ಹಿಡಿದು ಬಾಗಿಲ ಬಳಿ ನಿಂತಿದ್ದಾಗ, ಅಧ್ಯಕ್ಷರು ಕಂಪ್ಯೂಟರಿನ ಹತ್ತಿರ ಸುಮ್ಮನೆ ಸುಳಿದಾಡಿ ಬಂದರು. ಪುಷ್ಪ ಅದನ್ನು ನೋಡಿದಳು.

“ಕೂಗವ್ವ ಲಕ್ಷ್ಮಿದೇವಿ,” ಎಂದರು ಅಧ್ಯಕ್ಷರು. “ಅದೇ ಪುಟ. ಹಿಂದಕ್ಕೋಗದು. ಆಟದ ಗಿಳಿ ಬ್ಯಾಡ, ನವಿಲಿನ ಮ್ಯಾಲೇ ಆಗ್ಲಿ.”

ಮಹದೇವು ಕುರ್ಚಿಯಲ್ಲಿ ಕುಳಿತು ಎರಡು ಅಂಗೈಯನ್ನೂ ಪಂಚೆಗೆ ಒರೆಸಿಕೊಂಡ.

“ಒಂದು. ಮೇಲಿನ ಸಾಲಿನಲ್ಲಿ ‘ಪದರಗಳು’ ಒತ್ತಿ.” ಟಕ್.

“ಎರಡು. ಬೇಕಾದ ಹಳೆಯ ಪದರ ಆರಿಸಿ.” ಟಕ್.

“ತಡಿ.”

ಮಹದೇವುವಿನ ಎರಡು ಕೈಯೂ ಮೇಜು ಬಿಟ್ಟು ತೊಡೆಯ ಮೇಲೆ ಬಂದು ಕುಳಿತವು. ಅವನು ಯೋಚಿಸಿ ತೆಗೆದದ್ದಲ್ಲ. ಕೈಗಳೇ ಬಂದವು.

“ಮೂಲೆಯ ಚುಕ್ಕಿ ನೋಡಿ. ಕೆಂಪಗಿದ್ದರೆ ಕೆಲಸ ಇನ್ನೂ ಉಳಿದಿಲ್ಲ. ಮೊದಲು ‘ಉಳಿಸು’ ಒತ್ತಿ, ಚುಕ್ಕಿ ಹಸಿರಾಗಲಿ.”

“ಕೆಂಪಗದೆ!” ಎಂದ ಮಹದೇವು. “ಬೆಳಿಗ್ಗೆ ಉಳಿಸಿದ್ನಲ್ಲ, ಇದ್ಯಾಕೆ ಕೆಂಪಾಯ್ತು?” ಕತ್ತು ಹೊರಳಿಸಿ ಪುಷ್ಪಳನ್ನು ನೋಡಿದ. ಅವಳು ತುಟಿ ಕಚ್ಚಿ ಕುಳಿತಿದ್ದಳು, ಹೇಳುವ ಹಾಗಿಲ್ಲ. ಅವನು ಮತ್ತೆ ತೆರೆಗೆ ತಿರುಗಿ, ಒಂದು ಕ್ಷಣ ನಿಂತು, ‘ಉಳಿಸು’ ಒತ್ತಿದ. ಚುಕ್ಕಿ ಹಸಿರಾಯಿತು. ಕೈ ಮತ್ತೆ ತೊಡೆಯ ಮೇಲೆ.

“ಈಗ ‘ಹಿಂದಕ್ಕೆ ಹೋಗು’ ಒತ್ತಿದರೆ ಈಚಿನ ಪದರಗಳು ಮರೆಯಾಗುತ್ತವೆ. ಮೂವತ್ತು ದಿನದೊಳಗೆ ವಾಪಸ್ಸು ತರಬಹುದು. ದಾರಿ ಮುಂದಿನ ಪುಟದಲ್ಲಿದೆ. ಸುಮ್ಮನೆ ನೋಡಬೇಕಿದ್ದರೆ ಇದನ್ನು ಒತ್ತಬೇಡಿ, ಹಿಂದಿನ ಪುಟಕ್ಕೆ ಹೋಗಿ.” ಲಕ್ಷ್ಮಿದೇವಿ ಉಸಿರು ತೆಗೆದುಕೊಂಡಳು. “ಮೂರು. ‘ಹಿಂದಕ್ಕೆ ಹೋಗು’ ಒತ್ತಿ.”

ಟಕ್. ನವಿಲಿನ ಗರಿಗಳು ಹೋಗಿ ಬರೀ ಕತ್ತು ಉಳಿಯಿತು. ಲಕ್ಷ್ಮಿದೇವಿ ಹಾಳೆ ತಿರುವಿ ಕೂಗುತ್ತ ಹೋದಳು, ಅವನು ಒತ್ತುತ್ತ ಹೋದ. ಗರಿಗಳೆಲ್ಲ ಒಂದೇ ಸಲಕ್ಕೆ ಬಿಚ್ಚಿಕೊಂಡವು.

ದೊಡ್ಡಸಿದ್ದಯ್ಯ ಕನ್ನಡಕ ಸರಿಮಾಡಿಕೊಂಡು ಬಗ್ಗಿ ಎಡಗಡೆಯ ಕೆಳಮೂಲೆಯನ್ನು ಹುಡುಕಿದರು. ಅಲ್ಲಿ ಒಂದು ಮೊಗ್ಗು ತನ್ನ ಸಾಲು ಬಿಟ್ಟು ಸೊಟ್ಟಗೆ ನಿಂತಿತ್ತು.

“ನೀವು ಟೀ ಕುಡೀತಿದ್ದಾಗ ಇದ ನಾನೇ ಎಳ್ದಿದ್ದೆ ಕಣ್ರಿ. ಇದೂ ಉಳ್ಕಂಡದೆ!”

“ಅಯ್ ನಿಮ್ಮ! ಇವ್ರ ಹೊಟ್ಟೆಗೆ ಬೆಂಕಿ ಆಕ್ಬುಟ್ಟು ಆಟ ಆಡ್ತಿದ್ರಾ ಅಧ್ಯಕ್ಷರೇ?” ಎಂದು ಲಕ್ಷ್ಮಿದೇವಿ ಹಾಳೆಗಳನ್ನೇ ಎತ್ತಿ ಬೀಸಿದಳು. ಮಗ್ಗದವರೆಲ್ಲ ಗೊಳ್ಳೆಂದರು.

ಮಹದೇವು ಅಧ್ಯಕ್ಷರಿಗೆ ಜಾಗ ಬಿಡಲೆಂದು ಮೇಜು ಹಿಡಿದು ಏಳಹೋದ. ದೊಡ್ಡಸಿದ್ದಯ್ಯ ಅವನ ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದರು.

“ಕುಂತ್ಕಳ್ಲಾ. ಏಳ್ಬೇಡ. ಸಭೇಲಿ ನಾನು ಯೋಳ್ತೀನಿ. ಆ ಮೊಗ್ಗ ಸರಿ ಮಾಡು, ಕೆಟ್ಟದಾಗ್ ಕಾಣ್ತದೆ.”

ಮಹದೇವು ಮೊಗ್ಗನ್ನು ಸಾಲಿಗೆ ತಂದು ಕೂರಿಸಿ, ‘ಉಳಿಸು’ ಒತ್ತಿ, ಚುಕ್ಕಿ ಹಸಿರಾಗುವವರೆಗೂ ಕಾದ. ಆಮೇಲೆ ಪುಷ್ಪಳ ಕಡೆ ತಿರುಗಿ, “ಊಟ ಮಾಡ್ಕಂಡೇ ಓಗ್ಬೇಕು ನೀನು,” ಎಂದ.

ಮುದ್ದೆ, ಹುರುಳಿಕಾಳು ಸಾರು. ಅವಳು ಎರಡು ಮುದ್ದೆ ಉಂಡಳು. ಅಷ್ಟು ಉಂಡು ಎಷ್ಟು ಕಾಲವಾಗಿತ್ತೋ. ಸಂಜೆ ನಾಲ್ಕಕ್ಕೆ ಬೆಟ್ಟದ ಕಡೆಯಿಂದ ಚಾಮರಾಜನಗರದ ಬಸ್ಸು ಬಂತು. ಅರ್ಧಕ್ಕರ್ಧ ಖಾಲಿ. ಕಿಟಕಿಯ ಪಕ್ಕ ಕುಳಿತಳು. ಕೊಳ್ಳೇಗಾಲದಲ್ಲಿ ಇಳಿದು ಮುಳ್ಳೂರಿನ ಬಸ್ಸು ಹಿಡಿಯಬೇಕು, ಅಪ್ಪನಿಗೆ ಹೇಳಬೇಕು ಅಂದುಕೊಂಡದ್ದು ನೆನಪು. ಆಮೇಲೆ ಯಾವ ಪುಟವೂ ಇಲ್ಲ, ಯಾವ ಸಾಲೂ ಇಲ್ಲ.

“ಅಮ್ಮೋ! ಏನಮ್ಮ, ಎಲ್ಲಿಗೆ ಓಗ್ಬೇಕು ನೀನು?” ಕಂಡಕ್ಟರು ಸೀಟಿನ ಕಂಬಿ ಬಡಿಯುತ್ತಿದ್ದ. “ಕೊಳ್ಳೇಗಾಲಕ್ಕೆ ಟಿಕೀಟು ತಕಂಡಿದ್ದೆ ಅಲ್ವ? ಅದು ಓಗಿ ಅರ್ಧ ಗಂಟೆ ಆಯ್ತು. ಇದು ಯಳಂದೂರು.”

ಅವಳು ಇಳಿದಳು. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಗಂಡನಿಗೆ ಫೋನು ಮಾಡಿದಳು.

“ಯಳಂದೂರಲ್ಲಿ ಇವ್ನಿ ಕಣ್ರಿ.”

“ಅಲ್ಲೇನ್ ಕೆಲ್ಸ ನಿಂಗೆ?” ಎಂದ ಮಹದೇವಸ್ವಾಮಿ.

“ಕೆಲ್ಸ ಏನೂ ಇಲ್ಲ. ನಿದ್ದೆ ಬಂದ್ಬುಡ್ತು.”

ಆ ಕಡೆಯಿಂದ ಅವನು ನಗುವುದು ಕೇಳಿಸಿತು. “ಬಂತಾ? ಸದ್ಯ! ಅಲ್ಲೇ ಒಂದು ಟೀ ಕುಡ್ದು ನಿಧಾನ್ಕೆ ಬಾ. ಗಾಡಿ ತಕಂಡು ಕೊಳ್ಳೇಗಾಲದ ಸ್ಟ್ಯಾಂಡಿಗೆ ಬತ್ತೀನಿ.”